ಮೆಂತ್ಯೆ ಸೊಪ್ಪಿನ ಬಾಡಿಗೆ

ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ, ಕಾರು ಓಡಿಸಲು ಬರುವುದಿಲ್ಲ. ನಿಲ್ಲಿಸಲು ಮಾತ್ರ ಬರುತ್ತದೆ. ರಸ್ತೆ ಬದಿಯಲ್ಲಿ ಯಾರು ಕೈ ಎತ್ತಿದರೂ ಬ್ರೇಕು. ಒಮ್ಮೆ ಒಬ್ಬರು ಕೈ ಎತ್ತಿದ್ದು ಆಕಳಿಸಿ ಮೈ ಮುರಿಯಲು. ಅವರನ್ನೂ ಒತ್ತಾಯ ಮಾಡಿ ಹತ್ತಿಸಿಕೊಂಡ. ಎರಡು ಮೈಲಿ ಹೋದ ಮೇಲೆ ಆ ಮನುಷ್ಯ ಮೆಲ್ಲಗೆ, "ನಮ್ಮನೆ ಹಿಂದಾಯ್ತಲ್ರಿ" ಎಂದರು.

ನಾನು ನ್ಯಾಮತಿಯಲ್ಲಿ ಡ್ರಿಲ್ ಮಾಸ್ಟರಾಗಿದ್ದು ನಿವೃತ್ತನಾದವನು. ಏಳು ಗಂಟೆ ಅಂದರೆ ನನಗೆ ಏಳು ಗಂಟೆ. ಅವನಿಗೆ ಅದು ಏಳರಿಂದ ಎಂಟರೊಳಗಿನ ಯಾವುದೋ ಒಂದು ಒಳ್ಳೆಯ ಸಮಯ. ಹೊನ್ನಾಳಿಯಲ್ಲಿ ಅವನದು ಮೋಟಾರು ರಿಪೇರಿ ಅಂಗಡಿ. ಮೂರು ವರ್ಷದಿಂದ ಪ್ರತಿ ಗುರುವಾರ ಬಿಡಿಭಾಗ ತರಲೆಂದು ಚನ್ನಗಿರಿಗೆ ಹೊರಡುತ್ತಾನೆ. ಜೊತೆಗೆ ನಾನೂ ಇರಲೇಬೇಕು.

"ಪಟ್ಟಿ ಹಿಡ್ಕಂಡು ಸಾಮಾನು ನೋಡಾಕೆ ನೀವು ಬರ್ಬೇಕು ಅಣ್ಣಾರೆ. ನಾನು ತಂದ್ರೆ ಒಂದಕ್ಕೊಂದು ಹೊಂದಂಗಿಲ್ಲ."

ಶಿಸ್ತು ಬೇಕಾದಲ್ಲಿ ನನ್ನನ್ನು ಕರೆಯುವುದು ಸಹಜ ತಾನೆ? ಹೋದೆ. ಆದರೆ ಅವನ ತಡವನ್ನು ಸಾಕ್ಷಿ ಸಮೇತ ತೋರಿಸಿ ತಿದ್ದಬೇಕೆಂದು ಒಂದು ನೋಟ್‌ಬುಕ್ ಇಟ್ಟೆ. ಎಲ್ಲಿ ನಿಂತ, ಯಾರು ಹತ್ತಿದರು, ಯಾರು ಯಾರಿಗೆ ಏನು ಕೊಟ್ಟರು, ಎಷ್ಟು ನಿಮಿಷ ಹಾಳು, ಎಲ್ಲ ಅದರಲ್ಲಿ. ತಿಂಗಳಿಗೊಮ್ಮೆ ಗಟ್ಟಿಯಾಗಿ ಓದುತ್ತಿದ್ದೆ. ಅವನು ಪುರಾಣ ಕೇಳುವವನಂತೆ ಕೂತು ಕೇಳಿ, "ನಿಮ್ಮ ಅಕ್ಷರ ಬಾಳ ದುಂಡಗೈತೆ" ಎನ್ನುತ್ತಿದ್ದ. ಇಂಥವನನ್ನು ತಿದ್ದುವುದು ಹೇಗೆ?

ಕಳೆದ ಸುಗ್ಗಿಯಲ್ಲಿ ಸಾಸ್ವೆಹಳ್ಳಿ ಹತ್ತಿರ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಉಳಿದ ಅರ್ಧದ ಅಂಚಿನಲ್ಲಿ, ಪ್ರತಿ ಗುರುವಾರ ಹತ್ತುವ ಸೊಪ್ಪಿನ ಅಜ್ಜಿ ನಿಂತು ಕೈ ಎತ್ತಿದಳು. ಇವನು ಬ್ರೇಕ್ ಒತ್ತಿದ. ಜಗಳೂರಿನಿಂದ ಈರುಳ್ಳಿ ಹೇರಿಕೊಂಡು ಹಿಂದೆಯೇ ಬರುತ್ತಿದ್ದ ಪಿಕಪ್‌ನವನು ಒತ್ತಲಿಲ್ಲ. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಾರಿನ ಹಿಂಭಾಗ ಮಡಚಿ ಸೀಟಿಗೆ ತಾಗಿತ್ತು. ರಸ್ತೆ ತುಂಬ ಈರುಳ್ಳಿ ಉರುಳುತ್ತಿದ್ದವು. ಅಜ್ಜಿ ಅವನ್ನು ದಾಟಿಕೊಂಡು ಬಂದು ಕಿಟಕಿಯಲ್ಲಿ ಇಣುಕಿ ಕೇಳಿದಳು: "ಜಾಗ ಐತೇನಪ್ಪ?"

ವಿಮೆಯವರು ತನಿಖೆಗೆ ಬಂದರು. ಕಾರಿಗೆ ಕಂಡಕಂಡವರು ಹತ್ತುತ್ತಾರೆಂದು ತಿಳಿದು ಅವರಿಗೆ ಅನುಮಾನ. ಸ್ವಂತದ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರೆ ಕ್ಲೇಮು ಸಿಗುವುದಿಲ್ಲ. ಹತ್ತಿದವರನ್ನೆಲ್ಲ ಹುಡುಕಿ, ಅವನಿಗೆ ಏನಾದರೂ ಕೊಡುತ್ತೀರಾ ಎಂದು ಕೇಳಿದರು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಜ್ಜಿಗೆ ಅವಮಾನವಾಯಿತು.

"ಕೊಡ್ದೆ? ನಾವೇನು ಬಿಟ್ಟಿ ಕುಂತು ಹೋಗೋ ಮಂದಿ ಅಂದ್ಕಂಡ್ರೇನು? ವಾರವಾರ ಕೊಟ್ಟೀನಿ."

ಉಳಿದವರೂ ಮರ್ಯಾದೆಗೆ ಅಂಜಿ ಅದನ್ನೇ ಹೇಳಿ ಹೆಬ್ಬೆಟ್ಟು ಒತ್ತಿದರು. ಕ್ಲೇಮು ತಿರಸ್ಕಾರವಾಗಿದೆ ಎಂದು ಪತ್ರ ಬಂತು.

"ರಿಪೇರಿ ಬ್ಯಾಡ, ಗುಜರಿಗೆ ಹಾಕ್ರಿ. ಇನ್ನೊಂದು ಕಾರಿನ ಮಾತೆತ್ತಿದ್ರೆ ನೋಡ್ರಿ" ಎಂದು ನನ್ನ ನಾದಿನಿ ತೀರ್ಪು ಕೊಟ್ಟಳು. ಷಡ್ಡಕ ಎರಡು ದಿನ ಅನ್ನ ಬಿಟ್ಟವನಂತೆ ಓಡಾಡಿದ. ಆದರೂ ಅಜ್ಜಿಯ ಮೇಲೆ ಸಿಟ್ಟಿಲ್ಲ. "ಪಾಪ, ಖರೇನೇ ಹೇಳ್ಯಾಳೆ ಬಿಡ್ರಿ" ಎಂದ.

ನಾನು ನೋಟ್‌ಬುಕ್ಕಿಗೆ ರಟ್ಟು ಹಾಕಿ, ಅವನನ್ನೂ ಕರೆದುಕೊಂಡು ದಾವಣಗೆರೆಯ ವಿಮಾ ಕಚೇರಿಗೆ ಹೋದೆ. ಬಸ್ಸಿನಲ್ಲಿ, ಹೊತ್ತಿಗೆ ಸರಿಯಾಗಿ. ಅಲ್ಲಿನ ಅಧಿಕಾರಿ ಕಟ್ಟುನಿಟ್ಟಿನ ಹೆಣ್ಣುಮಗಳು. ಕನ್ನಡಕ ಏರಿಸಿಕೊಂಡು ಓದತೊಡಗಿದರು.

"ಏಳು ನಲವತ್ತು. ಅಜ್ಜಿ. ಕೊಟ್ಟದ್ದು: ಒಂದು ಸಿವುಡು ಮೆಂತ್ಯೆ ಸೊಪ್ಪು. ಪಡೆದದ್ದು: ಎರಡು ತೆಂಗಿನಕಾಯಿ. ನಷ್ಟ: ಎಂಟು ನಿಮಿಷ. ಏಳು ಐವತ್ತೈದು. ಕುರಿಯವನು, ಒಂದು ಮರಿ ಸಮೇತ. ಕೊಟ್ಟದ್ದು: ಬೀಡಿ, ಇವನು ಸೇದುವುದಿಲ್ಲ. ಪಡೆದದ್ದು: ನನ್ನ ಟವೆಲ್ಲು."

ಪುಟದ ಮೇಲೆ ಪುಟ ತಿರುವಿದ ಮೇಲೆ ಅವರು ಕನ್ನಡಕ ತೆಗೆದು ನಕ್ಕರು. "ಹಿಂಗೆ ಬಾಡಿಗೆ ಹೊಡೆದ್ರೆ ಮನೆ ಉಳಿಯುತ್ತೇನ್ರಿ? ಫೈಲು ಮತ್ತೆ ತೆಗೀತೀನಿ. ಆದ್ರೆ ಒಂದು ಮಾತು. ಎಲ್ಲ ಬರೆದೀರಿ, ಚನ್ನಗಿರಿಯಲ್ಲಿ ಇವರಿಗೇನು ಕೆಲಸ ಅಂತ ಬರೆದಿಲ್ಲವಲ್ಲ?"

"ಬಿಡಿಭಾಗ" ಎಂದೆ ನಾನು.

ಷಡ್ಡಕ ತಲೆ ಕೆರೆದುಕೊಂಡ. ಸುಳ್ಳು ಹೇಳಿದರೆ ಕ್ಲೇಮು ಹೋದೀತೆಂಬ ಹೆದರಿಕೆ.

"ಕೆಲಸ ಏನಿಲ್ಲ ಮೇಡಂ. ಸಾಮಾನು ಅಂಗಡಿ ಬಾಗ್ಲಿಗೇ ಬರ್ತೈತೆ. ಅಕ್ಕಾರು, ಅಂದ್ರೆ ಇವರ ಹೆಂಡ್ತಿ, ತೀರ್ಕಂಡ ಮ್ಯಾಲೆ ಅಣ್ಣಾರು ಹೊಸಲು ದಾಟ್ತಿರ್ಲಿಲ್ಲ. ಸುಮ್ನೆ ತಿರ್ಗಾಡಾಕೆ ಬರ್ರಿ ಅಂದ್ರೆ ಬರೋರಲ್ಲ. ಕೆಲಸ ಅಂದ್ರೆ ಬರ್ತಾರೆ. ಅದಕ್ಕೆ ಒಂದು ಪಟ್ಟಿ ಮಾಡ್ತೀನಿ. ತಂದಿದ್ದನ್ನ ಮುಂದಿನ ವಾರ ಇವರ ಕಣ್ಣಿಗೆ ಬೀಳ್ದಂಗೆ ಅಲ್ಲೇ ವಾಪಸ್ ಕೊಡ್ತೀನಿ."

ಮೂರು ವರ್ಷ ನಾನು ಎಣಿಸಿ, ಗುರುತು ಹಾಕಿ ತಂದ ವಾಷರುಗಳೆಲ್ಲ ಅವೇ ವಾಷರುಗಳು! ಮೇಡಂ ಕಿಟಕಿಯ ಕಡೆ ನೋಡಿದರು. ನನಗೂ ನೋಡಲು ಒಂದು ಕಿಟಕಿ ಬೇಕಾಗಿತ್ತು.

ಕ್ಲೇಮು ಮಂಜೂರಾಗಿ ಕಾರು ರಿಪೇರಿಯಾಗಿ ಬಂತು. ಮೊದಲ ಗುರುವಾರ ನಾನು ಏಳಕ್ಕೆ ಗೇಟಿನ ಬಳಿ ನಿಂತೆ. ಅವನು ಬರುವುದು ಕಂಡು, ಯಾವತ್ತೂ ಇಲ್ಲದವನು, ಕೈ ಎತ್ತಿದೆ. ಕಾರು ನಿಂತಿತು. ಪಟ್ಟಿ ಎಂದಿನಂತೆ ನನ್ನ ಕೈಗೆ ಬಂತು.

ನೋಟ್‌ಬುಕ್ ತೆರೆದು, ಇಷ್ಟು ವರ್ಷ ಬರೆಯದೆ ಬಿಟ್ಟಿದ್ದ ಮೊದಲ ನಿಲುಗಡೆಯನ್ನು ಬರೆದೆ.

"ಏಳು ಇಪ್ಪತ್ತೈದು. ನಮ್ಮ ಗೇಟು. ಒಬ್ಬ ಮುದುಕ. ಕೊಟ್ಟದ್ದು: ಏನೂ ಇಲ್ಲ."