ನೂರಕ್ಕೆ ಎಪ್ಪತ್ತೊಂದು

ನೂರಾ ಹನ್ನೆರಡನೆಯ ಪುಟ ಬೆಳಿಗ್ಗೆ ಜೆರಾಕ್ಸ್ ಯಂತ್ರದ ಗಾಜಿನ ಮೇಲೆಯೇ ಉಳಿದುಹೋಗಿತ್ತು. ಟಿಪ್ಪಣಿಗೆ ಅದು ಗೊತ್ತಾದದ್ದು ಮಧ್ಯಾಹ್ನ ಬೀದಿಯ ತಿರುವಿನಲ್ಲಿ ನಿಂತು ಹಾಳೆಗಳನ್ನು ಎಣಿಸಿದಾಗ. ಕಳೆದುಹೋಗಲು ಇನ್ನೂರು ಪುಟಗಳಿದ್ದವು. ಹಾಳಾದ್ದು, ಅದೇ ಪುಟ ಹೋಗಬೇಕೇ?

ಟಿಪ್ಪಣಿ ಅಂದರೆ ಬೀದಿಯವರು ಇಟ್ಟ ಹೆಸರು. ಪ್ರಾರ್ಥನಾ ಮಂದಿರದ ಕಂಬಕ್ಕೆ ಒರಗಿ, ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡು, ಆರು ತಿಂಗಳು ಅದೇನೋ ಗೀಚಿಕೊಂಡವಳು ಅವಳು. ಧಾರ್ಮಿಕ ಸಂಸ್ಥೆಯಲ್ಲಿ ಗಂಡಸು ಏನು ಮಾಡುತ್ತಾನೆ, ಹೆಂಗಸು ಏನು ಮಾಡುತ್ತಾಳೆ ಎಂಬುದು ಅವಳ ಪಿಎಚ್.ಡಿ. ವಿಷಯ. ಅದರ ಸಾರವೆಲ್ಲ ನೂರಾ ಹನ್ನೆರಡನೆಯ ಪುಟದ ಒಂದು ಕೋಷ್ಟಕದಲ್ಲಿತ್ತು. ಮಂದಿರದಲ್ಲಿ ನೂರು ಗಂಟೆ ಕೆಲಸ ನಡೆದರೆ ಎಪ್ಪತ್ತೊಂದು ಗಂಟೆ ಹೆಂಗಸರದು. ಸಭೆಯಲ್ಲಿ ನೂರು ನಿಮಿಷ ಮಾತು ನಡೆದರೆ ನಾಲ್ಕು ನಿಮಿಷ ಹೆಂಗಸರದು. ಆ ನಾಲ್ಕರಲ್ಲಿ ಮೂರು, 'ಹಿಂದೆ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಹೇಳಿ' ಅನ್ನುವುದಕ್ಕೇ ಖರ್ಚಾಗಿತ್ತು. ಗಂಡಸರ ಪಾಲಿನ ಇಪ್ಪತ್ತೊಂಬತ್ತು ಗಂಟೆಯಲ್ಲಿ ಹತ್ತೊಂಬತ್ತು, ಹೆಂಗಸರು ಕೆಲಸ ಮಾಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡುವುದು. ಅದಕ್ಕೆ ಉಸ್ತುವಾರಿ ಎಂದು ಹೆಸರು.

ವಿಶ್ವವಿದ್ಯಾಲಯದ ನಿಯಮವೊಂದಿತ್ತು. ಯಾರ ಬಗ್ಗೆ ಬರೆದಿದ್ದೀಯೋ ಅವರಿಗೆ ಓದಿ ಒಪ್ಪಿಸಬೇಕು, ಅವರ ಸಹಿ ತರಬೇಕು. ಇವತ್ತು ಸಂಜೆ ಐದಕ್ಕೆ ಅವಳ ನೋಂದಣಿಯ ಕೊನೆಯ ಗಡುವು. ಸಹಿ ಬಂದರೆ ಆರು ವರ್ಷದ ದುಡಿಮೆಗೆ ಪದವಿ, ಬರದಿದ್ದರೆ ಆರು ವರ್ಷವೂ ಮಣ್ಣು. ಎರಡು ಗಂಟೆಗೆ ಮಂದಿರದ ಕಮಿಟಿಯ ಮುಂದೆ ಓದುವುದೆಂದು ನಿಗದಿಯಾಗಿತ್ತು. ಆ ಒಂದು ಪುಟ ಬಂದಾಗ ಕೆಮ್ಮು ಬರಿಸಿಕೊಂಡು ದಾಟಿಬಿಡುವುದು ಅವಳು ಹೂಡಿದ್ದ ಉಪಾಯ.

ಓಡಿದಳು. ಜೆರಾಕ್ಸ್ ಅಂಗಡಿಯವನು ಹಲ್ಲು ಕಿರಿದ.

"ಓ, ಅದು ನಿಮ್ದಾ ಮೇಡಂ? ಮಂದಿರದ ಕಾರ್ಯದರ್ಶಿಗಳು ಬಂದಿದ್ರು. 'ಇದು ನಮ್ಮ ಬಗ್ಗೆನೇ ಇದ್ದಂಗಿದೆಯಲ್ಲಯ್ಯ' ಅಂತ ಎಂಟು ಕಾಪಿ ಮಾಡಿಸ್ಕೊಂಡು ಹೋದ್ರು."

"ಎಂಟಾ?"

"ಕಮಿಟೀಲಿ ಎಂಟು ಜನ ಅಲ್ವಾ? ನಿಮ್ದು ಇಲ್ಲಿದೆ, ತಗೊಳ್ಳಿ. ನಾನೂ ಒಂದು ಇಟ್ಕೊಂಡೆ. ನಮ್ಮನೆಯವಳ ಕಣ್ಣಿಗೆ ಬೀಳದಿದ್ರೆ ಸಾಕು."

ಈ ಕಮಿಟಿಯ ಕೋಪ ಎಂಥದೆಂದು ಬೀದಿಗೇ ಗೊತ್ತು. ಎರಡು ವರ್ಷದ ಹಿಂದೆ ಒಬ್ಬ ಪತ್ರಕರ್ತ, ಹೆಂಗಸರೇಕೆ ಹಿಂಬಾಗಿಲಿಂದ ಬರಬೇಕು ಎಂದು ನಾಲ್ಕು ಸಾಲು ಬರೆದಿದ್ದ. ಮರುದಿನ ಅವನ ಮನೆಯ ಮುಂದೆ ನೂರು ಜನ ಸುಮ್ಮನೆ ನಿಂತಿದ್ದರು. ಕಲ್ಲಿಲ್ಲ, ಕೂಗಿಲ್ಲ, ಬರೀ ನಿಂತಿದ್ದರು. ವಾರದೊಳಗೆ ಅವನು ಊರು ಬಿಟ್ಟ.

ಗೈಡಿಗೆ ಫೋನ್ ಮಾಡಿದಳು. "ಸಾರ್, ನನಗೆ ಭಯ ಆಗ್ತಿದೆ. ನೀವೂ ಜೊತೆಗೆ ಬರ್ತೀರಾ?"

"ಎಲ್ಲಮ್ಮಾ ಬರೋದು! ಇಲ್ಲಿ 'ಧರ್ಮದಲ್ಲಿ ಸ್ತ್ರೀಯ ದನಿ' ಅಂತ ಸೆಮಿನಾರ್. ಹನ್ನೊಂದು ಜನ ಮಾತಾಡೋರು, ಎಲ್ರೂ ಗಂಡಸರು, ಒಬ್ರೂ ಮೈಕ್ ಬಿಡ್ತಿಲ್ಲ. ನೀನು ಧೈರ್ಯವಾಗಿ ಹೋಗು. ಕಮಿಟಿಯವರ ಸಹಿ ಹಾಕಿಸ್ಕೊಂಡು ಬಾ. ಸಂಸ್ಥೆ ಅಂದ್ರೆ ಅವರೇ ತಾನೇ?"

"ಹೌದು ಸಾರ್," ಅಂದಳು. ಸಂಸ್ಥೆ ಅಂದರೆ ಅವರೇ. ಅದರಲ್ಲಿ ಅವಳಿಗೂ ಅನುಮಾನವಿರಲಿಲ್ಲ.

ಮನೆಯ ಗೇಟಿನಲ್ಲಿ ಓನರ್ ಆಂಟಿ ಕಾಯುತ್ತಿದ್ದರು. ಆಂಟಿ ಅಂದರೆ ಕಾರ್ಯದರ್ಶಿಯ ಹೆಂಡತಿ. ಮಂದಿರ ಗುಡಿಸಿ ಒರೆಸುವ ಇಪ್ಪತ್ತೆರಡು ಹೆಂಗಸರಿಗೆ ಮುಂದಾಳು. ಟಿಪ್ಪಣಿ ಮಲಗುವ ಮಹಡಿಯ ಕೋಣೆಯ ಬೀಗದ ಕೈಯೂ ಇವರ ಸೊಂಟದಲ್ಲೇ.

"ಏನೇ ಟಿಪ್ಪಣಿ, ಏನು ಬರ್ದಿದೀಯೇ? ನಮ್ಮನೆಯವರು ಓದಿದ್ರು, ಒಂದು ಮಾತಿಲ್ಲ. ಕನ್ನಡಕ ಒರೆಸಿ ಮತ್ತೆ ಓದಿದ್ರು. ತಿಂಡಿ ತಟ್ಟೆ ಮುಟ್ಟಲಿಲ್ಲ."

"ಅಯ್ಯೋ ಆಂಟಿ!"

"ಇರಲಿ. ಅದ್ರಲ್ಲಿ 'ಮಹಿಳೆ ಏಳು, ವಾರಕ್ಕೆ ಹದಿನಾಲ್ಕು ಗಂಟೆ' ಅಂತಿದೆಯಲ್ಲ, ಅದು ನಾನಲ್ವಾ?"

ಗುಟ್ಟು ಕಾಯುವುದು ಸಂಶೋಧಕರ ಧರ್ಮ. ಟಿಪ್ಪಣಿ ತುಟಿ ಬಿಗಿಹಿಡಿದಳು.

"ನಾನೇ ಬಿಡು. ಆದ್ರೆ ಹದಿನಾಲ್ಕಲ್ಲ, ಹದಿನಾರು. ಬಚ್ಚಲು ತೊಳೆಯೋದು ಬಿಟ್ಟಿದೀಯ. ಅಲ್ವೇ, ಮೂವತ್ತು ವರ್ಷ ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು, ನನಗೆ ಸಿಕ್ಕಿದ್ದು ಒಂದು ನಂಬರ್ರಾ? ಹೆಸರು ಹಾಕೋಕೆ ನಿಂಗೇನು ರೋಗ?"

"ನಿಮಗೆ ತೊಂದರೆ ಆಗಬಾರದು ಅಂತ ಆಂಟಿ..."

"ನನಗೆ ತೊಂದರೆ! ಆಹಾ! ಹೋಗು, ಅಲ್ಲಿ ಕಾಯ್ತಿದಾರೆ. ಬಾಗಿಲು ಬೇರೆ ಹಾಕಿಸ್ತೀನಿ ಅಂತಿದ್ರು."

ಬಾಗಿಲನ್ನು ನಿಜವಾಗಿಯೂ ಹಾಕಿದರು. ಅವಳು ಮಂದಿರದೊಳಗೆ ಬಂದದ್ದೇ ತಡ, ಕಾರ್ಯದರ್ಶಿ ಚಿಲಕ ಜಡಿದ. ಎಂಟು ಕುರ್ಚಿ, ಎಂಟು ಗಂಡಸರು, ಎಂಟು ತೊಡೆಗಳ ಮೇಲೆ ಎಂಟು ನೂರಾ ಹನ್ನೆರಡನೆಯ ಪುಟ. ಅಧ್ಯಕ್ಷರು ಕೋಷ್ಟಕದ ಅಡಿಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ಅವಳಿಗೆ ಕೂರಲು ಕುರ್ಚಿ ಇರಲಿಲ್ಲ.

"ಓದಮ್ಮ," ಅಂದರು ಅಧ್ಯಕ್ಷರು. "ಈ ಪುಟದಿಂದಲೇ ಓದು."

ಕೆಮ್ಮಲು ನೋಡಿದಳು. ಬೇಕಾದಾಗ ಕೆಮ್ಮೂ ಕೈಕೊಟ್ಟಿತು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವಳ ದನಿಯಲ್ಲಿ ಎಪ್ಪತ್ತೊಂದು ಓದಿದಳು, ನಾಲ್ಕು ನಿಮಿಷ ಓದಿದಳು, ಸೊಂಟದ ಮೇಲಿನ ಕೈಗಳನ್ನೂ ಓದಿದಳು. ಅಧ್ಯಕ್ಷರು ಎದ್ದು ನಿಂತರು, ನಿಧಾನವಾಗಿ ಅವಳತ್ತ ಬಂದರು, ಕೈ ಮೇಲೆತ್ತಿದರು. ಟಿಪ್ಪಣಿ ಕಣ್ಣು ಮುಚ್ಚಿಕೊಂಡಳು.

ಕೈ ಅವಳ ತಲೆಯ ಮೇಲೆ ಇಳಿಯಿತು, ಹರಸುವಂತೆ.

"ಮಗಳೇ," ಅಂದರು ಗದ್ಗದವಾಗಿ, "ನಮ್ಮ ಹೆಂಗಸರ ಸೇವೆ ಎಂಥದು ಅಂತ ಇಷ್ಟು ವರ್ಷ ನಾವು ಹೇಳ್ತಾನೇ ಇದ್ವಿ, ಯಾರೂ ನಂಬ್ತಿರಲಿಲ್ಲ. ಈಗ ವಿಜ್ಞಾನವೇ ಹೇಳ್ತು. ನೂರಕ್ಕೆ ಎಪ್ಪತ್ತೊಂದು!"

ಎಂಟು ಜನರೂ ಚಪ್ಪಾಳೆ ತಟ್ಟಿದರು.

"ಬೇರೆ ಮಂದಿರದವರು ಅರವತ್ತು ದಾಟಿರಲ್ಲ, ಬರ್ದು ಕೊಡ್ತೀನಿ," ಅಂದ ಕಾರ್ಯದರ್ಶಿ. "ಬೆಳಿಗ್ಗೆಯಿಂದ ಸಂತೋಷಕ್ಕೆ ಹಸಿವೇ ಆಗ್ಲಿಲ್ಲ ನನಗೆ."

"ಆದರೆ ಆ ಇಪ್ಪತ್ತೊಂಬತ್ತು ನನ್ನ ಮನಸ್ಸು ಕೊರೀತಿದೆ," ಅಂದರು ಅಧ್ಯಕ್ಷರು. "ಅವರಿಗೆ ಸಲ್ಲಬೇಕಾದ ಸೇವೆಯನ್ನ ನಾವು ಗಂಡಸರು ಕಿತ್ಕೊಂಡು ಕೂತಿದೀವಿ. ಅನ್ಯಾಯ ಅಲ್ವೇ? ಬಾಗಿಲು ತೆಗೆಯೋದು, ಕುರ್ಚಿ ಹಾಕೋದು, ದೀಪ ಹಚ್ಚೋದು, ಇವತ್ತಿನಿಂದ ಎಲ್ಲಾ ಅವರಿಗೇ ಬಿಟ್ಟುಕೊಡೋಣ."

"ಉಸ್ತುವಾರಿ?" ಎಂದು ಯಾರೋ ಗಾಬರಿಯಿಂದ ಕೇಳಿದರು.

"ಅದು ಸೇವೆಯಲ್ಲ, ಜವಾಬ್ದಾರಿ. ಅದು ನಮಗಿರಲಿ."

"ಸಾರ್," ಟಿಪ್ಪಣಿ ತೊದಲಿದಳು, "ನಾನು ಬರೆದದ್ದು ಹಾಗಲ್ಲ... ಆ ನಾಲ್ಕು ನಿಮಿಷ..."

"ಹೌದಲ್ವೇ! ಇಷ್ಟು ಕೆಲಸ ಇಟ್ಕೊಂಡು ಪಾಪ ಅವರು ಸಭೆಗೂ ಬಂದು ಕೂರಬೇಕಾ? ಅದರಿಂದಲೂ ಬಿಡುಗಡೆ ಕೊಡೋಣ. ನಿರ್ಣಯ ಬರ್ಕೊಳ್ರಿ!"

ಹಿಂದಿನ ಕಿಟಕಿಯಾಚೆ ಬಕೆಟ್ಟೊಂದು ದಢಾರನೆ ಬಿತ್ತು. ಟಿಪ್ಪಣಿ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ನಮೂನೆಯ ಮೇಲೆ ಮೊದಲ ಸಹಿ ಬಿದ್ದಿತ್ತು. ಎರಡನೆಯದು ಬೀಳುತ್ತಿತ್ತು. ಈಗ ಮಾತಾಡಿದರೆ ಮೂರನೆಯದು ಬೀಳುವುದಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಳು. ಎಂಟೂ ಸಹಿಯನ್ನು ಎದೆಗವುಚಿಕೊಂಡು ಮುಂಬಾಗಿಲಿಂದಲೇ ಓಡಿದಳು.

ನಾಲ್ಕು ನಲವತ್ತಕ್ಕೆ ವಿಶ್ವವಿದ್ಯಾಲಯದ ಕಚೇರಿ. ಗುಮಾಸ್ತೆ ಹೆಂಗಸು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇವರೆಲ್ಲ ಯಾರು?"

"ಮಂದಿರದ ಕಮಿಟಿಯವರು ಮೇಡಂ. ಎಂಟೂ ಜನರದ್ದು ಇದೆ."

"ಅಲ್ಲಮ್ಮಾ, ಇಲ್ಲಿ ಓದು. 'ಯಾರ ಕೆಲಸವನ್ನು ಅಧ್ಯಯನ ಮಾಡಲಾಗಿದೆಯೋ ಅವರ ಸಹಿ'. ಇನ್ನೂರು ಪುಟ ಹೆಂಗಸರ ಕೆಲಸದ ಬಗ್ಗೆ ಬರ್ದಿದೀಯ. ಒಬ್ಬ ಹೆಂಗಸಿಗಾದ್ರೂ ಓದಿ ಹೇಳಿದೀಯಾ?"

ಬೆಳಗಿನಿಂದ ಎಂಟು ಜನಕ್ಕೆ ಹೆದರುವುದರಲ್ಲಿ ಇಪ್ಪತ್ತೆರಡು ಜನ ಟಿಪ್ಪಣಿಗೆ ನೆನಪಿಗೇ ಬಂದಿರಲಿಲ್ಲ.

"ಒಂದು ಸಹಿ ಇದ್ರೂ ನಡೆಯುತ್ತೆ," ಗುಮಾಸ್ತೆಗೆ ಕರುಣೆ ಬಂತು. "ಮಂದಿರ ಹತ್ತಿರ ತಾನೆ? ಆಟೋದಲ್ಲಿ ಕರೆಸು. ಐದರವರೆಗೆ ಕೂತಿರ್ತೀನಿ."

ಆಂಟಿಗೆ ಫೋನ್ ಮಾಡಿದಳು. ಆ ಕಡೆ ನೀರು ಸುರಿಯುವ ಸದ್ದು, ಕುರ್ಚಿಗಳನ್ನು ಎಳೆಯುವ ಸದ್ದು, ಅದರ ನಡುವೆ ಏದುಸಿರು.

"ಆಂಟಿ, ನಾನು. ಒಂದೇ ಒಂದು ಸಹಿ ಆಂಟಿ. ನಿಮ್ಮ ಹೆಸರೇ ಹಾಕ್ತೀನಿ, ಪೂರ್ತಿ ಹೆಸರು! ಹತ್ತು ನಿಮಿಷ ಬಂದು ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬರಬಾರದು ಅಂತಲ್ಲಮ್ಮ," ಅಂದರು ಆಂಟಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಇನ್ನೂ ಇನ್ನೂರು ಕುರ್ಚಿ ಹಾಕ್ಬೇಕು. ಇವತ್ತಿನಿಂದ ಅದೂ ನಮ್ದೇ. ಇವರು ನೋಡ್ತಾ ನಿಂತಿದಾರೆ. ಫೋನ್ ಇಡ್ತೀನಿ."