ವಾಸನೆಯಿಲ್ಲದ ಕಾರು

ನಮ್ಮ ಭಾವ ಕಾರು ಕೊಂಡದ್ದು ಓಡಿಸುವುದಕ್ಕಲ್ಲ, ಮೂಸುವುದಕ್ಕೆ! ಹೀಗೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಹೋದ ಅಕ್ಟೋಬರಿನಲ್ಲಿ ನೋಯ್ಡಾದ ಅವರ ಸೊಸೈಟಿಯ ಬೇಸ್‌ಮೆಂಟಿಗೆ ಇಳಿದಿದ್ದರೆ ನೀವೇ ಕಣ್ಣಾರೆ ಕಾಣುತ್ತಿದ್ದಿರಿ. ಐವತ್ತಾರು ವರ್ಷದ, ದಪ್ಪ ಕನ್ನಡಕದ, ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್ ಒಬ್ಬರು ಹೊಸ ಬಿಳಿ ಕಾರಿನೊಳಗೆ ಮಂಡಿಯೂರಿ, ಎರಡು ಸೀಟುಗಳ ಸಂದಿಗೆ ಮೂಗು ತೂರಿಸಿ, "ಇಲ್ಲೂ ಇದೆ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು.

ಈ ಮೂಗಿನ ಹಿಂದೆ ಒಂದು ಭಯವಿತ್ತು. ನನ್ನ ಅಕ್ಕನಿಗೆ, ಅಂದರೆ ಅವರ ಹೆಂಡತಿಗೆ, ಉಬ್ಬಸ. ದೀಪಾವಳಿ ಹತ್ತಿರ ಬಂದಂತೆ ದಿಲ್ಲಿಯ ಆಕಾಶ ಬೂದಿಯ ಬಣ್ಣಕ್ಕೆ ತಿರುಗುತ್ತದಲ್ಲ, ಆಗ ಅವಳ ಎದೆಯೊಳಗೆ ಸಿಳ್ಳೆ ಶುರುವಾಗುತ್ತದೆ. ಅದರ ಹಿಂದಿನ ಚಳಿಗಾಲದಲ್ಲಿ ಆಸ್ಪತ್ರೆಗೆ ಹೊರಟ ಇವರಿಬ್ಬರ ಆಟೋ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ನಾಲ್ಕೂ ಕಡೆ ಹೊಗೆ. ಅಕ್ಕ ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧದ ಪಂಪು ಖಾಲಿ. ಅಂತೂ ಆಸ್ಪತ್ರೆ ತಲುಪಿದರು, ಅಕ್ಕ ಉಳಿದಳು. ಆ ದಿನದ ಬಗ್ಗೆ ಭಾವ ಯಾರೊಡನೆಯೂ ಮಾತಾಡಲಿಲ್ಲ. ಮುಂದಿನ ವಾರ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಗಣೇಶನ ಹಬ್ಬ ಮುಗಿದ ಮೇಲೆ ಕಾರು ಮನೆಗೆ ಬಂತು. ದೀಪಾವಳಿಯ ಹೊಗೆ ಕವಿಯುವಷ್ಟರಲ್ಲಿ ಅಕ್ಕ ಗಾಜು ಏರಿಸಿದ ಕಾರಿನಲ್ಲಿ ಕುಳಿತು ನೆಮ್ಮದಿಯಾಗಿ ಉಸಿರಾಡುತ್ತ ಆಸ್ಪತ್ರೆಗೆ ಹೋಗಿಬರುವಂತಾಗಬೇಕು ಎನ್ನುವುದಷ್ಟೇ ಅವರ ಯೋಜನೆ.

ಇಷ್ಟು ಸರಳ ಯೋಜನೆ ಕೆಟ್ಟದ್ದು ಹೇಗೆ? ಶುಚಿತ್ವದಿಂದ. ಭಾವ ಅದುವರೆಗೆ ಒರೆಸಿದ ಏಕೈಕ ವಾಹನ ಹಳೆಯ ಸ್ಕೂಟರು. ಅದಕ್ಕೆ ಬೇಕಾಗುತ್ತಿದ್ದ ಸಾಮಗ್ರಿ ಒಂದು ಹರಿದ ಬನಿಯನ್ನು ಮಾತ್ರ. ಕಾರಿಗೆ ಹಾಗಾಗುತ್ತದೆಯೇ? ಮೊಬೈಲಿನಲ್ಲಿ ವಿಡಿಯೋ ನೋಡಿದರು. ಬಾನೆಟ್ಟಿಗೆ ಒಂದು ಶಾಂಪೂ, ಗಾಜಿಗೆ ಒಂದು ದ್ರವ, ಟೈರಿಗೆ ಒಂದು ಪಾಲಿಶ್, ಡ್ಯಾಶ್‌ಬೋರ್ಡಿಗೆ ಇನ್ನೊಂದು, ಸೀಟಿಗೆ ನೊರೆ, ಎಲ್ಲದರ ಮೇಲೆ ಮೇಣ. ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಲಕ್ಷ್ಮೀ ನಗರದ ನನ್ನ ಬಾಡಿಗೆ ಮನೆಗೆ ಫೋನು ಬಂತು. ಅಕ್ಕನಿಗೇನಾಯಿತೋ ಎಂದು ನಾನು ಎದ್ದು ಬಿದ್ದು ಫೋನ್ ತೆಗೆದೆ.

"ಮೈಕ್ರೋಫೈಬರ್ ಬಟ್ಟೇನ ಬಿಸಿನೀರಲ್ಲಿ ಒಗೀಬಹುದೇನಮ್ಮ?" ಎಂದರು ಭಾವ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಮೈಕ್ರೋಫೈಬರ್ ಯಾವ ರಾಜವಂಶದಲ್ಲೂ ಬರುವುದಿಲ್ಲ ಎಂದು ಹೇಳಿ ಮತ್ತೆ ಮಲಗಿಕೊಂಡೆ.

ಅದೇ ದಿನ ಮಧ್ಯಾಹ್ನ ನನ್ನನ್ನು ಕರೋಲ್ ಬಾಗಿನ ಕಾರು ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯಾತ ಬಾಟಲಿಗಳನ್ನು ಸಾಲಾಗಿ ಇಟ್ಟ. ಲ್ಯಾವೆಂಡರ್ ಇದೆ, ನಿಂಬೆ ಇದೆ, ಸ್ಟ್ರಾಬೆರಿ ಇದೆ, ಶ್ರೀಗಂಧವೂ ಇದೆ ಎಂದು ಹೆಮ್ಮೆಯಿಂದ ಹೇಳಿದ. ಭಾವ ಅಷ್ಟನ್ನೂ ಗಂಭೀರವಾಗಿ ಕೇಳಿ, "ಭಯ್ಯಾ, ಬಿನಾ ಖುಶ್ಬೂ ವಾಲಾ ದಿಖಾಓ" ಎಂದರು. ವಾಸನೆಯೇ ಇಲ್ಲದ್ದನ್ನು ಕೇಳಿದ ಗಿರಾಕಿ ಆ ಅಂಗಡಿಗೆ ಅದೇ ಮೊದಲಿರಬೇಕು. ಆತ ಭಾವನನ್ನು ಬಿಟ್ಟು ನನ್ನ ಮುಖ ನೋಡಿದ. ಕೊನೆಗೆ ಗೋದಾಮಿನಿಂದ ಧೂಳು ಹಿಡಿದ ಒಂದು ಡ್ಯಾಶ್‌ಬೋರ್ಡ್ ಪಾಲಿಶ್ ತಂದುಕೊಟ್ಟ. ಭಾವ ಮುಚ್ಚಳ ತೆಗೆದು ಮೂಸಿದರು. ಏನೂ ಇಲ್ಲ. ನನಗೂ ಮೂಸಿಸಿದರು. ಏನೂ ಇಲ್ಲ. ಆ ವಾರ ನಮ್ಮಿಬ್ಬರಿಗೂ ನೆಗಡಿಯಾಗಿತ್ತು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಡ್ಯಾಶ್‌ಬೋರ್ಡಿಗೆ ಧಾರಾಳವಾಗಿ ಹಚ್ಚಿ, ಅಕ್ಕನನ್ನು ಕೂರಿಸಿಕೊಂಡು ಭಾವ ಮೊದಲ ಸವಾರಿ ಹೊರಟರು. ಸೊಸೈಟಿಯ ಗೇಟಿನ ಮುಂದಿನ ಹಂಪು ದಾಟುವ ಮೊದಲೇ ಅಕ್ಕನಿಗೆ ಕೆಮ್ಮು ಹತ್ತಿತು. ಕಾರು ಹಿಂದೆ ತಿರುಗಿತು. ಅಕ್ಕ ಪಂಪು ಎಳೆದುಕೊಂಡು ಸುಧಾರಿಸಿಕೊಂಡು, "ಹೊಸ ಕಾರು ಅಂದ್ರೆ ಹಾಗೇ ಇರುತ್ತೆ ಬಿಡ್ರೀ, ನಾಳೆ ನೋಡೋಣ" ಎಂದಳು. ಆದರೆ ಭಾವ ಅವಳನ್ನು ಕಾರಿನ ಹತ್ತಿರ ಸುಳಿಯಲು ಬಿಡಲಿಲ್ಲ. ಅಕ್ಕನಿಗೆಂದು ಬಂದ ಕಾರಿನಲ್ಲಿ ಅಕ್ಕನೊಬ್ಬಳನ್ನು ಬಿಟ್ಟು ಉಳಿದ ಎಲ್ಲರೂ ಕೂರುವಂತಾಯಿತು!

ಇನ್ನು ಫೈಲಿನ ವಿಷಯ. ಮೂವತ್ತು ವರ್ಷ ಟಿಪ್ಪಣಿ ಬರೆದು ಬರೆದು ಭಾವನ ಕೈಗೆ ಬೇರೆ ರೀತಿಯಲ್ಲಿ ಯೋಚಿಸಲು ಬರುವುದೇ ಇಲ್ಲ. ಹಸಿರು ದಾರ ಕಟ್ಟಿದ ಒಂದು ಫೈಲು ತೆರೆದರು. ಅದರಲ್ಲಿ ಹೀಗೆಲ್ಲ ಇತ್ತು: "ಗಾಜಿನ ದ್ರವ, ಮಾದರಿ ಮೂರು. ತೆರೆದಾಗ ನಿಂಬೆ. ಹತ್ತು ನಿಮಿಷದ ನಂತರ ಸೀಮೆಎಣ್ಣೆ. ತಿರಸ್ಕರಿಸಬಹುದು." "ಸೀಟಿನ ನೊರೆ, ಮಾದರಿ ಒಂದು. ಒಣಗಿದ ಮೇಲೂ ಸೋಪಿನ ಕಮಟು. ತಿರಸ್ಕರಿಸಬಹುದು." ಪ್ರತಿ ಪುಟದ ಕೆಳಗೆ ಅಕ್ಕನ ಆದೇಶಕ್ಕಾಗಿ ಜಾಗ ಬಿಟ್ಟಿದ್ದರು. ಒಂದು ಪುಟದಲ್ಲಿ ಅಕ್ಕ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: "ಅನ್ನ ಆರುತ್ತಿದೆ. ಬನ್ನಿ."

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರಿಗೆ ಪೂಜೆ ಮಾಡದೆ ಇರುವುದುಂಟೇ? ಮಾಡಿದರೆ ಊದುಬತ್ತಿ, ಕರ್ಪೂರ! ಭಾವ ಎರಡು ದಿನ ಯೋಚಿಸಿ ಮಧ್ಯದ ದಾರಿ ಕಂಡುಹಿಡಿದರು. ಕಾರನ್ನು ಒಂದು ಕಡೆ ನಿಲ್ಲಿಸಿ, ಗಾಜುಗಳನ್ನೆಲ್ಲ ಏರಿಸಿ, ತಾವು ಹದಿನೈದು ಹೆಜ್ಜೆ ದೂರದಲ್ಲಿ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು ನಿಂತು ಮಂಗಳಾರತಿ ಎತ್ತಿದರು. ಅವರ ಮಗಳು ಅಲ್ಲೇ ನಿಂತಿದ್ದಳು. ಹನ್ನೆರಡನೆಯ ಕ್ಲಾಸು, ಹುಟ್ಟಿ ಬೆಳೆದದ್ದು ಇಲ್ಲೇ. ಅವಳು ನನ್ನ ಕಿವಿಯಲ್ಲಿ, "ಚಿಕ್ಕಮ್ಮಾ, ಪಪ್ಪಾ ಯಾವ ಕಾರಿಗೆ ಪೂಜೆ ಮಾಡ್ತಿದಾರೆ? ಬಗಲ್‌ವಾಲೀ ಕಾರಿಗೇ ಜಾಸ್ತಿ ಸಿಗ್ತಾ ಇದೆ" ಎಂದಳು. ನಿಜವಾಗಿಯೂ ಆ ದಿನದ ಪುಣ್ಯವೆಲ್ಲ ಪಕ್ಕದ ಫ್ಲ್ಯಾಟಿನವರ ಕಾರಿಗೆ ಹೋಯಿತು.

ಪೇಟೆಯ ಬಾಟಲಿಗಳೆಲ್ಲ ತಿರಸ್ಕಾರಗೊಂಡ ಮೇಲೆ ಭಾವನಿಗೆ ತಮ್ಮ ಅಮ್ಮ ರೇಷ್ಮೆ ಸೀರೆ ಒಗೆಯುತ್ತಿದ್ದ ಅಂಟುವಾಳ ನೆನಪಾಯಿತು. ರೇಷ್ಮೆಗೆ ಆಗುವುದು ಸೀಟಿಗೆ ಏಕಾಗಬಾರದು? ಊರಿಗೆ ಹೋಗಿದ್ದ ಸಹೋದ್ಯೋಗಿಯಿಂದ ಒಂದು ಚೀಲ ತರಿಸಿದರು. ನೆನೆಸಿ ಹಿಸುಕಿದ್ದರೆ ಮುಗಿಯುತ್ತಿತ್ತು. ಇವರು ಬೇಗ ಆಗಲೆಂದು ಒಣಗಿದ್ದನ್ನೇ ಮಿಕ್ಸಿಗೆ ಹಾಕಿ ತಿರುಗಿಸಿ, ಅಡುಗೆಮನೆಯ ಬಾಗಿಲು ಮುಚ್ಚಿದ್ದೇನೆ ಎನ್ನುವ ಧೈರ್ಯದಲ್ಲಿ ಮುಚ್ಚಳ ತೆಗೆದರು. ಬಾಗಿಲ ಕೆಳಗಿನ ಸಂದಿಯಿಂದ ಪುಡಿ ನಡುಮನೆಗೆ ಬಂತು. ನಾನು ಸೀನಿದೆ, ಮಗಳು ಸೀನಿದಳು, ಮೇಲಿನ ಮನೆಯಲ್ಲೂ ಯಾರೋ ಸೀನಿದರು. ಭಾವ ಕಂದು ಪುಡಿ ಮೆತ್ತಿದ ಮುಖದಲ್ಲಿ ಓಡಿಬಂದು ಅಕ್ಕನನ್ನು ಬಾಲ್ಕನಿಗೆ ದಬ್ಬಿ ಬಾಗಿಲು ಹಾಕಿದರು. ಹೊರಗೂ ಹೊಗೆ ಶುರುವಾಗಿದೆ ಎಂದು ನೆನಪಾಗಿ ಒಳಗೆ ಎಳೆದುಕೊಂಡರು. ಆಮೇಲೆ ಮಲಗುವ ಕೋಣೆಗೆ, ಅಲ್ಲಿಂದ ಬಚ್ಚಲಿಗೆ.

"ರೀ, ಎಲ್ಲಾದ್ರೂ ಒಂದು ಕಡೆ ನಿಲ್ಲಿಸ್ರೀ ನನ್ನ" ಎಂದಳು ಅಕ್ಕ.

ಅವಳಿಗೆ ಏನೂ ಆಗಲಿಲ್ಲ. ಸೀನಲೂ ಇಲ್ಲ. ಆದರೆ ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದ ಭಾವ ಅವಳ ಒಂದೊಂದು ಉಸಿರನ್ನೂ ಎಣಿಸುತ್ತಿದ್ದುದನ್ನು ನಾನು ನೋಡಿದೆ. ನನಗೂ ಒಳಗೊಳಗೆ ಹೆದರಿಕೆಯಾಯಿತು. ದೀಪಾವಳಿಗೆ ಇನ್ನು ಒಂದೇ ವಾರವಿತ್ತು.

ಈ ಸಂಕಟಕ್ಕೆ ಪರಿಹಾರ ಹೇಳಿದ್ದು ಸೊಸೈಟಿಯಲ್ಲಿ ಕಾರು ಒರೆಸುವ ಭಯ್ಯಾ. ಇಲ್ಲಿಯ ಪದ್ಧತಿ ನಿಮಗೆ ಗೊತ್ತಿರಬೇಕು. ಬೆಳಗಾಗುತ್ತಲೇ ಆತ ಒಂದು ಬಕೆಟ್, ಒಂದು ಬಟ್ಟೆ ಹಿಡಿದು ಬಂದು ನಲವತ್ತು ಕಾರುಗಳನ್ನು ಒರೆಸುತ್ತಾನೆ. ಒರೆಸಿ ಆಯಿತು ಎನ್ನುವುದಕ್ಕೆ ಗುರುತಾಗಿ ಮುಂದಿನ ವೈಪರುಗಳನ್ನು ಎತ್ತಿ ನಿಲ್ಲಿಸಿ ಹೋಗುತ್ತಾನೆ. ನಮ್ಮ ಭಾವ ಮೊದಲ ದಿನವೇ ಆತನಿಗೆ ತಮ್ಮ ಕಾರನ್ನು ಮುಟ್ಟಕೂಡದೆಂದು ಹೇಳಿಬಿಟ್ಟಿದ್ದರು. ಮೂವತ್ತೊಂಬತ್ತು ಕಾರುಗಳ ಕೊಳೆ ನಮ್ಮದಕ್ಕೇಕೆ? ಹೀಗಾಗಿ ಇಡೀ ಸಾಲಿನಲ್ಲಿ ವೈಪರ್ ಮಲಗಿಸಿಕೊಂಡ ಕಾರು ಇವರದೊಂದೇ.

ನರೆತ ಮೀಸೆಯ ಆ ಮನುಷ್ಯ, ನಾನು ಅಕ್ಕನ ಮನೆಯಲ್ಲಿ ಉಳಿದಿದ್ದ ಒಂದು ಬೆಳಗ್ಗೆ, ನನ್ನನ್ನು ತಡೆದು, "ಮೇಡಂ, ಘರ್ ಮೇಂ ಸಬ್ ಠೀಕ್ ಹೈ ನಾ?" ಎಂದು ಮನೆಯ ಕ್ಷೇಮ ವಿಚಾರಿಸಿದ. ಸಾಹೇಬರು ದಿನಾ ಆಫೀಸಿಗೆ ಹೋಗುವ ಮೊದಲು ಕಾರಿನೊಳಗೆ ಗಾಜು ಏರಿಸಿಕೊಂಡು, ಎಂಜಿನ್ನೂ ಹಾಕದೆ, ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತಾರಂತೆ. ಮನೆಯಲ್ಲಿ ಜಗಳವಿರಬೇಕು ಎಂದು ಆತ ತಿಳಿದಿದ್ದ. ನಾನು ಮಾನ ಉಳಿಸಲೆಂದು ಕಾರಿನ ವಾಸನೆಯ ಕಥೆಯನ್ನೆಲ್ಲ ಹೇಳಿದೆ. ಆತ ಬಟ್ಟೆ ಹಿಂಡುತ್ತ ಕೇಳಿಸಿಕೊಂಡು ನೇರವಾಗಿ ಭಾವನ ಬಳಿ ಹೋದ.

"ಸಾಬ್, ಪಾನೀ ಮೇಂ ತೋ ಕೋಈ ಖುಶ್ಬೂ ನಹೀಂ ಹೋತೀ" ಎಂದ. ನೀರಿಗೆ ಯಾವ ವಾಸನೆಯೂ ಇರುವುದಿಲ್ಲವಲ್ಲ ಸಾಹೇಬರೇ, ಎಂದು.

ಭಾವ ಆತನ ಬಕೆಟ್ಟನ್ನೇ ನೋಡಿದರು. ಅಂದು ಸಂಜೆ ಫೈಲಿನಲ್ಲಿ ಹೊಸ ಟಿಪ್ಪಣಿ ಬಿದ್ದಿತ್ತು: "ನೀರು. ಇದುವರೆಗೆ ಪರಿಗಣಿಸದೆ ಇದ್ದುದೇಕೆ?" ಕೆಳಗೆ ಅಕ್ಕನ ಆದೇಶ: "ಒಪ್ಪಿದೆ."

ಅಲ್ಲಿಂದ ಮೂರು ದಿನ ಕಾರಿನ ಒಳಭಾಗವನ್ನು ಬರೀ ನೀರಿನಿಂದ ಒರೆಸಿದರು. ನೋಯ್ಡಾದ ನಲ್ಲಿಯ ನೀರು ಒಣಗಿದರೆ ಬಿಳಿ ಕಲೆ ಬೀಳುತ್ತದೆಂದು ಕುಡಿಯುವ ನೀರನ್ನೇ ತಂದರು. ಬಟ್ಟೆಗೆ ಅಕ್ಕನ ಹಳೆಯ ಹತ್ತಿ ಸೀರೆ. ಮಧ್ಯೆ ಒಂದು ದಿನ ನಾನು ಸಹಾಯಕ್ಕೆಂದು ಹೋದಾಗ ಕಾರಿನ ಬಾಗಿಲಿನ ಜೇಬಿನಲ್ಲಿ ಒಂದು ಕಟ್ಟು ಸ್ಟ್ರಾ ಕಂಡಿತು, ಎಳನೀರಿಗೆ ಹಾಕುತ್ತಾರಲ್ಲ, ಅಂಥವು. "ಇದೇನು ಭಾವ, ಏಸಿ ಕಿಂಡಿಯ ಧೂಳು ಊದೋಕಾ?" ಎಂದು ಚುಡಾಯಿಸಿದೆ. "ಹೂಂ, ಅದಕ್ಕೇ" ಎಂದು ಅವನ್ನು ಡ್ಯಾಶ್‌ಬೋರ್ಡಿನ ಡಬ್ಬಿಗೆ ತುರುಕಿದರು. ಇಂಥ ತಲೆ ಬೇರೆ ಯಾರಿಗಿದೆ ಎಂದು ಅಂದು ರಾತ್ರಿ ಗೆಳತಿಯರಿಗೆಲ್ಲ ಹೇಳಿ ನಗಿಸಿದೆ.

ದೀಪಾವಳಿಯ ಮೂರನೆಯ ದಿನ ಅಕ್ಕನ ತಪಾಸಣೆ. ಎದುರಿನ ಟವರ್ ಕಾಣದಷ್ಟು ಹೊಗೆ. ಭಾವ ಸ್ಟಿಯರಿಂಗ್ ಹಿಡಿದು ಕೂತರು, ಪಕ್ಕದಲ್ಲಿ ಮಗಳು, ಹಿಂದೆ ಅಕ್ಕ ಮತ್ತು ನಾನು. ಗೇಟಿನ ಹಂಪು ದಾಟಿದೆವು. ಕೆಮ್ಮಿಲ್ಲ. ಮೊದಲ ಸಿಗ್ನಲ್ ದಾಟಿದೆವು. ಭಾವ ಕನ್ನಡಿಯಲ್ಲಿ ರಸ್ತೆ ನೋಡುವ ಬದಲು ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಮಾಸ್ಕ್ ತೆಗೆದು ಮಡಿಲಿನಲ್ಲಿಟ್ಟುಕೊಂಡಳು. ಫ್ಲೈಓವರ್ ಮೇಲೆ ಅದೇ ಟ್ರಾಫಿಕ್ಕು, ಅದೇ ಜಾಗ. ಕಾರು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಅಕ್ಕನ ತಲೆ ನನ್ನ ಭುಜಕ್ಕೆ ವಾಲಿತು.

"ಏನಾಯ್ತು? ಉಸಿರಾಡ್ತಿದಾಳಾ ನೋಡು" ಎಂದರು ಭಾವ. ಅವರ ದನಿ ಅವರದಾಗಿರಲಿಲ್ಲ.

ನಾನು ಬಗ್ಗಿ ನೋಡಿದೆ. ಅಕ್ಕನಿಗೆ ನಿದ್ದೆ ಬಂದಿತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಆಸ್ಪತ್ರೆಯಲ್ಲಿ ಅಕ್ಕ ಭಾವನನ್ನು ಒಳಗೆ ಬರಗೊಡಲಿಲ್ಲ. "ಬರೀ ಊದೋ ಪರೀಕ್ಷೆ. ನೀವು ಬಂದ್ರೆ ಡಾಕ್ಟರಿಗೂ ಫೈಲ್ ತೋರಿಸ್ತೀರಿ" ಎಂದು ಮಗಳನ್ನು ಕರೆದುಕೊಂಡು ಹೋದಳು. ಪಾರ್ಕಿಂಗಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಮುಂದಿನ ಸೀಟಿಗೆ ಬಂದು ಕರವಸ್ತ್ರಕ್ಕೆಂದು ಡಬ್ಬಿ ತೆರೆದೆ. ಸ್ಟ್ರಾಗಳು ಮಡಿಲಿಗೆ ಬಿದ್ದವು. ಅವುಗಳಲ್ಲಿ ಬಹಳಷ್ಟರ ತುದಿಗಳು ಹಲ್ಲಿನಲ್ಲಿ ಕಚ್ಚಿ ಚಪ್ಪಟೆಯಾಗಿದ್ದವು. ಧೂಳು ಊದಲು ಯಾರೂ ಸ್ಟ್ರಾವನ್ನು ಹಾಗೆ ಕಚ್ಚುವುದಿಲ್ಲ.

"ಭಾವ, ಇದು ಏತಕ್ಕೆ?" ಎಂದೆ. ಈ ಸಲ ಚುಡಾಯಿಸಲಿಲ್ಲ.

ಅವರು ಕನ್ನಡಕ ತೆಗೆದು ಸೀರೆಯ ತುಂಡಿನಲ್ಲಿ ಒರೆಸತೊಡಗಿದರು. "ಆಟೋದಲ್ಲಿ ಹೋದ ದಿನ ಡಾಕ್ಟರು ಹೇಳಿದ್ರು. ಮೂಗು ಮುಚ್ಚಿಕೊಂಡು ಒಂದು ಸ್ಟ್ರಾದಲ್ಲಿ ಉಸಿರಾಡಿ ನೋಡಿ, ನಿಮ್ಮವರಿಗೆ ಹೇಗಾಗುತ್ತೆ ಅಂತ ಗೊತ್ತಾಗುತ್ತೆ ಅಂತ. ಒಂದು ಚೂರು ಘಾಟು ಇದ್ರೂ ಅದ್ರಲ್ಲಿ ಗಂಟಲಿಗೇ ಗೊತ್ತಾಗ್ಬಿಡುತ್ತೆ ಕಣಮ್ಮ. ಅದಕ್ಕೇ ದಿನಾ ಕೂರ್ತಿದ್ದೆ."

ನಾನು ಒಂದು ಹೊಸ ಸ್ಟ್ರಾ ತೆಗೆದು ಬಾಯಿಗಿಟ್ಟು ಮೂಗು ಹಿಡಿದುಕೊಂಡೆ. ಐದಾರು ಉಸಿರಿಗೆ ಎದೆ ಬಿಗಿಯಿತು. ಒಂಬತ್ತಕ್ಕೆ ಕಿತ್ತು ಬಿಸಾಡಿದೆ. ಕಣ್ಣಲ್ಲಿ ನೀರು ಬಂದಿತ್ತು, ಅದು ಉಸಿರು ಕಟ್ಟಿದ್ದಕ್ಕೆ ಮಾತ್ರ ಬಂದದ್ದಲ್ಲ.

"ನಾನೂ ಮೊದಲ ದಿನ ಒಂಬತ್ತಕ್ಕೇ ತೆಗೆದುಬಿಟ್ಟೆ" ಎಂದರು ಭಾವ. "ಅವಳು ಆ ಆಟೋದಲ್ಲಿ ನಲವತ್ತು ನಿಮಿಷ ಕೂತಿದ್ಲು. ನಾನು ಪಕ್ಕದಲ್ಲಿ ಕೂತು ಡ್ರೈವರ್ ಜೊತೆ ಜಗಳ ಆಡ್ತಿದ್ದೆ."

ಅಷ್ಟರಲ್ಲಿ ಅಕ್ಕ, ಮಗಳು ಬಂದರು. ಈ ಸಲದ ಪರೀಕ್ಷೆ ಹೋದ ವರ್ಷಕ್ಕಿಂತ ಚೆನ್ನಾಗಿದೆಯಂತೆ. ಅಕ್ಕ ಬಾಗಿಲು ತೆರೆದವಳೇ ನನ್ನ ಮಡಿಲಿನ ಸ್ಟ್ರಾಗಳನ್ನು ನೋಡಿ, "ನನ್ನ ಬಿಟ್ಟು ಎಳನೀರು ಕುಡಿದ್ರಾ ಇಬ್ರೂ?" ಎಂದಳು.

"ಹೂಂ ಕಣೇ" ಎಂದರು ಭಾವ. "ಬಾ, ನಿನಗೂ ಕೊಡಿಸ್ತೀನಿ."

ಅಕ್ಕ ಕೂತು ಮಾಸ್ಕ್ ತೆಗೆದಳು. ಭಾವ ನಾಲ್ಕೂ ಗಾಜು ಏರಿಸಿ, ಅವಳು ಒಮ್ಮೆ ಉಸಿರೆಳೆದುಕೊಂಡು ಬಿಡುವವರೆಗೆ ಕಾದು, ಆಮೇಲೆ ಕಾರು ಹೊರಡಿಸಿದರು.