ಮಹಾರುದ್ರಪ್ಪ ಮಾಸ್ತರರ ಮೂಕಚಕ್ರವಿಜಯ

ನಾದವೇ ಜಗತ್ತಿನ ಮೊದಲೆಂದು ಹಿರಿಯರು ಸಾರಿದ ಈ ಭೂಮಂಡಲದಲ್ಲಿ, ಕ್ಯಾಸೆಟ್ಟುಗಳ ಯುಗವು ಅಟ್ಟ ಸೇರಿ, ಡಿಸ್ಕುಗಳ ಯುಗವೂ ಅದೇ ಅಟ್ಟದ ಏಣಿಯ ಮೇಲೆ ಒಂದು ಕಾಲಿಟ್ಟಿದ್ದ ಆ ಸಂಧಿಕಾಲದಲ್ಲಿ, ಗಜೇಂದ್ರಗಡವೆಂಬ ಗಿರಿದುರ್ಗದ ತಪ್ಪಲಿನಲ್ಲಿ ನಡೆದ ಘೋರ ಸಮರವನ್ನು ಹಾಡಲು ಹೊರಟಿದ್ದೇನೆ. ಓ ವಾಗ್ದೇವಿ, ನನ್ನ ನಾಲಗೆಯ ಮೇಲೆ ಬಂದು ಕೂಡು. ನಾನು ತುಸು ಹೆಚ್ಚಿಗೆ ಹೇಳುವಾಗ ಮಾತ್ರ ಪಕ್ಕಕ್ಕೆ ಸರಿದುಕೋ.

ನಾಯಕನನ್ನು ಮೊದಲು ನೋಡಿ. ಸೀಟಿಕಂಠಾಭರಣನೂ, ಬಾಲಕಸಹಸ್ರಸ್ತಂಭಕನೂ, ಸಾವಧಾನ-ವಿಶ್ರಾಮ-ಮಹಾಮಂತ್ರದ್ವಯದ್ರಷ್ಟಾರನೂ ಆದ ಮಹಾರುದ್ರಪ್ಪ ಕೊಟಗಿ, ಊರಿನ ಹೈಸ್ಕೂಲಿನ ಪಿ.ಟಿ. ಮಾಸ್ತರು. ಅವರು ಮೈದಾನದಲ್ಲಿ ಒಮ್ಮೆ 'ಸಾವಧಾನ್' ಎಂದರೆ ಸಾಲಿನ ಹುಡುಗರಷ್ಟೇ ಅಲ್ಲ, ಆಚೆ ರಸ್ತೆಯ ಟಾಂಗಾದ ಕುದುರೆಯೂ ನಾಲ್ಕು ಕಾಲು ಜೋಡಿಸಿ ನಿಲ್ಲುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಅರೆಗಳಿಗೆ ಅನುಮಾನಿಸಿ ಮತ್ತೆ ತಿರುಗುತ್ತಿದ್ದವು. ಇದನ್ನು ನಂಬದವರು ಕುದುರೆಯನ್ನು ಕೇಳಬಹುದು.

ಅವರ ಎದುರಾಳಿ ಬೇರೆ ಯಾರೂ ಅಲ್ಲ, ಧರ್ಮಪತ್ನಿ ನೀಲಗಂಗವ್ವ. ವೈರದ ಮೂಲ ಇಪ್ಪತ್ತೈದು ವರ್ಷ ಹಿಂದಿನದು. ಮದುವೆಯಾಗಿ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ಹೆಂಗಸರೆಲ್ಲ ಬಾಗಿಲು ತಡೆದು, ಗಂಡಹೆಂಡಿರು ಒಬ್ಬರ ಹೆಸರನ್ನೊಬ್ಬರು ಪ್ರಾಸದ ಒಡಪು ಕಟ್ಟಿ ಹೇಳಿದ ಹೊರತು ಒಳಗೆ ಬಿಡುವುದಿಲ್ಲವೆಂದು ನಿಲ್ಲುವುದು ಆ ಸೀಮೆಯ ಪದ್ಧತಿ. ಅಂದು ಏನಾಯಿತು? ತಾನು ಅರಳು ಹುರಿದಂತೆ ಒಡಪು ಹೇಳಿದೆ, ಬಾಯಿ ಕಟ್ಟಿದ್ದು ಇವರದು ಎಂದು ನೀಲಗಂಗವ್ವ. ಒಡಪು ಹೇಳಿದ್ದು ತಾನು, ಇವಳು ಸೆರಗು ಕಚ್ಚಿ ಅತ್ತಳು, ಮುದುಕಿಯರು ಕರುಣೆಯಿಂದ ಬಾಗಿಲು ಬಿಟ್ಟರು ಎಂದು ಮಾಸ್ತರು. ದೊಡ್ಡ ದನಿಯವರ ಮಾತೇ ಊರಲ್ಲಿ ನಿಂತಿತು. ಸೀಮಂತ, ತೊಟ್ಟಿಲು, ಗೃಹಪ್ರವೇಶ, ಎಲ್ಲೆಲ್ಲಿ ನಾಲ್ಕು ಮಂದಿ ಕೂಡಿದರೋ ಅಲ್ಲೆಲ್ಲ ಮಾಸ್ತರು ಈ ಕಥೆ ಹೇಳಿದರು, ಜನ ನಕ್ಕರು, ನೀಲಗಂಗವ್ವ ಚಹದ ತಟ್ಟೆ ಹಿಡಿದು ಒಳಗೆ ಹೋದಳು. ಇಪ್ಪತ್ತೈದು ವರ್ಷ ಹೇಳಿದ ಮಾತು ಹೇಳಿದವನಿಗೂ ನಿಜವಾಗಿಬಿಡುತ್ತದೆ, ಮಾಸ್ತರರಿಗೂ ಆಗಿತ್ತು.

ಸಾಕ್ಷಿ ಒಂದೇ ಉಳಿದಿತ್ತು: ಸವೆದೀತೆಂದು ಮಾಸ್ತರು ಒಮ್ಮೆಯೂ ಹಾಕಗೊಡದ ಮದುವೆಯ ವಿಡಿಯೊ ಕ್ಯಾಸೆಟ್ಟು. ಬರುವ ರವಿವಾರ ಮದುವೆಯ ಇಪ್ಪತ್ತೈದನೆಯ ವರ್ಷದ ಊಟ. ಮೂವತ್ತು ಮಂದಿ ನೆಂಟರು ಬರುವವರು. ಅವರೆದುರು ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸಿ ತೋರಿಸಿಬಿಡಿ ಎಂದು ನೀಲಗಂಗವ್ವ ಸವಾಲು ಹಾಕಿದಳು. ಮಾಸ್ತರು ಎದೆ ಸೆಟೆಸಿ ಒಪ್ಪಿದರು.

ಶನಿವಾರ ಬೆಳಿಗ್ಗೆ, ಸೂರ್ಯನು ಕೋಟೆಯ ಬುರುಜಿನ ಮೇಲೆ ಮೊಣಕೈ ಊರಿ ನೋಡುತ್ತಿರಲು, ಅಟ್ಟದಿಂದ ಕ್ಯಾಸೆಟ್ ಯಂತ್ರವು ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಇಳಿದುಬಂತು. ಅದರ ಬೆನ್ನಿಂದ ಹೊರಟ ಮೂರು ತಂತಿಗಳು, ಚಿತ್ರಕ್ಕೆ ಹಳದಿ, ಶಬ್ದಕ್ಕೆ ಬಿಳಿ ಮತ್ತು ಕೆಂಪು, ಕಂಪ್ಯೂಟರನ್ನು ಸೇರಿದವು. ಕ್ಯಾಸೆಟ್ಟು ತಿರುಗಿತು. ಡಿಸ್ಕು ಬರೆಯಿತು. ಡಿಸ್ಕನ್ನು ಟಿವಿಯ ಪ್ಲೇಯರಿಗೆ ಹಾಕಿದರು. ವಾದ್ಯದವರು ಕೆನ್ನೆ ಉಬ್ಬಿಸಿದರು, ಮುತ್ತೈದೆಯರು ಬಾಯಿ ತೆರೆದು ಸೋಬಾನೆ ಹಾಡಿದರು, ಮಂತ್ರ ಹೇಳುವ ಅಯ್ಯನವರ ತುಟಿ ಅಲ್ಲಾಡಿತು. ಒಂದು ಸೊಳ್ಳೆಯ ಸದ್ದೂ ಕೇಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನೀಲಗಂಗವ್ವ ಕೈಯ ಹಿಟ್ಟು ಉದುರಿಸಿಕೊಂಡಳು.

"ಅಳಿಸೀರೇನ್ರಿ?"

ಅಯ್ಯೋ, ಎಂಥ ಬಾಣ! ಯುದ್ಧದಲ್ಲಿ ಸೋತವನಿಗೆ ಸ್ವರ್ಗವುಂಟು. ಸಾಕ್ಷಿ ಅಳಿಸಿದವನಿಗೆ ಸ್ವಂತ ಮನೆಯಲ್ಲಿ ರೊಟ್ಟಿಯೂ ಇಲ್ಲ. ಮಾಸ್ತರು ಕುರ್ಚಿಯಿಂದ ಎದ್ದು ಗರ್ಜಿಸಿದರು. "ಎಲೌ ಮಾನಿನಿ, ಸಪ್ತಸಾಗರಗಳು ಬತ್ತಲಿ, ಮೇರುಪರ್ವತ ಮಗುಚಲಿ, ನಾಳಿನ ಮಧ್ಯಾಹ್ನದೊಳಗೆ ಈ ಮೂಕಚಕ್ರದ ಗಂಟಲಿನಿಂದ ನಾದವನ್ನು ಸೆಳೆದು ತರದಿದ್ದರೆ ಇದು ಸೀಟಿ ಹಿಡಿದ ಕೈಯೇ ಅಲ್ಲ." ಇದು ವೀರರಸಕ್ಕೆ ತಕ್ಕಂತೆ ನಾನು ಉಡುಪು ತೊಡಿಸಿದ ಮಾತು. ಅವರು ಆಡಿದ್ದು ಇಷ್ಟೇ: "ನಾ ಯಾಕ ಅಳಸ್ಲಿ? ತಡಿ, ಮಾಡ್ತೀನಿ."

ಇನ್ನು ಅವರ ಸಂಕಟವನ್ನು ನೋಡಿ. ಶಬ್ದ ಬಾರದಿದ್ದರೆ ಕಳ್ಳನೆಂಬ ಹೆಸರು. ಬಂದರೆ? ಬಂದರೇನಂತೆ, ಒಡಪು ಹೇಳಿದ್ದು ತಾನೇ ಅಲ್ಲವೆ. ಹಾಗೆಂದುಕೊಂಡು ಅವರು ರಣರಂಗಕ್ಕೆ ಇಳಿದರು. ಟಿವಿಯ ದನಿಯನ್ನು ನೂರಕ್ಕೇರಿಸಿದರು; ಟಿವಿ ನೂರರಷ್ಟು ಮೌನವಾಯಿತು. ಅದೇ ಡಿಸ್ಕ್ ಪ್ಲೇಯರಿಗೆ ಮೊಮ್ಮಗಳ ನಾಮಕರಣದ ಡಿಸ್ಕು ಹಾಕಿದರು. ಕೂಸು ಕಿವಿ ಹರಿಯುವಂತೆ ಅತ್ತಿತು, ಹಾಗಾಗಿ ಟಿವಿಯೂ ಪ್ಲೇಯರೂ ನಿರಪರಾಧಿಗಳು. ಕಂಪ್ಯೂಟರಿನಲ್ಲಿ ಧ್ವನಿಯೆಂದು ಬರೆದ ಕಡೆಯೆಲ್ಲ ಟಿಕ್ ಹಾಕಿದರು, ಟಿಕ್ ಇದ್ದ ಕಡೆ ತೆಗೆದರು, ಮತ್ತೆ ಹಾಕಿದರು. ಒಂದೊಂದು ಸಲಕ್ಕೂ ಒಂದೊಂದು ಡಿಸ್ಕು ಬರೆದರು, ಒಂದೊಂದೂ ಮೂಕವಾಗಿ ಹುಟ್ಟಿತು. ಬಿದ್ದ ವೀರರನ್ನು ನೀಲಗಂಗವ್ವ ವ್ಯರ್ಥಮಾಡಲಿಲ್ಲ. ನಡುವಿನ ತೂತಿಗೆ ದಾರ ಪೋಣಿಸಿ, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಸುತ್ತ ತೂಗುಬಿಟ್ಟಳು. ಮಧ್ಯಾಹ್ನ ಮೂರರ ಹೊತ್ತಿಗೆ ಏಳು ಮೂಕಚಕ್ರಗಳು ಬಿಸಿಲಿಗೆ ಥಳಥಳಿಸುತ್ತಿದ್ದವು, ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ.

ಅಷ್ಟರಲ್ಲಿ ನೀಲಗಂಗವ್ವನ ಅಕ್ಕ ಗೌರಕ್ಕ ರೋಣದಿಂದ ಬಸ್ಸಿಳಿದು ಬಂದಳು. ಅಂದು ಬಾಗಿಲು ತಡೆದವರಲ್ಲಿ ಇವಳೂ ಒಬ್ಬಳು, ಆದರೆ ತಂಗಿಯ ಪಕ್ಷದ ಸಾಕ್ಷಿಯೆಂದು ಮಾಸ್ತರು ಅವಳ ಮಾತನ್ನು ಎಂದೂ ಗಣಿಸಿದವರಲ್ಲ. ಗೌರಕ್ಕ ಟಿವಿಯ ಮುಂದೆ ಕೂತು ಮೌನ ಮೆರವಣಿಗೆಯನ್ನು ನೋಡಿದಳು.

"ಮಾಸ್ತರ, ನಿಮ್ಮ ದನಿ ಗುಡ್ಡಕ್ಕ ಕೇಳತೈತಿ. ಈ ಡಬ್ಬಿಯಾಗ ಯಾಕ ಕೇಳವಲ್ದು?"

"ತಂತಿ ಹಳೇವಾಗಿ ಲಡ್ಡ ಆಗ್ಯಾವ ಅಕ್ಕಾರ. ಮಷೀನಂತೂ ಭಾರಿ ಐತಿ. ಇಪ್ಪತ್ತೈದು ವರ್ಷ, ಒಂದ ಖಂಡೆಪೂಜಿ ತಪ್ಪಿಸಿಲ್ಲ ನಾ ಇದಕ್ಕ."

ಈ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಪ್ರತಿ ಮಹಾನವಮಿಗೆ ಮಾಸ್ತರು ಸೀಟಿ, ಸೈಕಲ್, ಶಾಲೆಯ ಎಸೆಯುವ ಗುಂಡು, ಕ್ಯಾಸೆಟ್ ಯಂತ್ರ ಎಲ್ಲವನ್ನೂ ಸಾಲಾಗಿಟ್ಟು ಪೂಜಿಸುತ್ತಿದ್ದರು. ಯಂತ್ರದ ಮೋರೆಯಲ್ಲಿ ಕ್ಯಾಸೆಟ್ ನುಂಗುವ ಬಾಯಿ ಇರುವುದರಿಂದ ವಿಭೂತಿ ಬೆನ್ನಿಗೆ.

ನೀಲಗಂಗವ್ವ ಇದನ್ನು ಕೇಳಿ ಹತ್ತಿರ ಬಂದಳು. ಯಂತ್ರವನ್ನು ತನ್ನೆಡೆಗೆ ತಿರುಗಿಸಿಕೊಂಡು ತಂತಿಗಳನ್ನು ಹಿಡಿದು ನೋಡಿದಳು. ಹಳದಿಯದು ಆಳವಾಗಿ ಕೂತಿತ್ತು. ಬಿಳಿಯದೂ ಕೆಂಪಿನದೂ ಅರ್ಧಕ್ಕೇ ನಿಂತಿದ್ದವು. ಮಾಸ್ತರು ಬೆಳಗಿನಿಂದ ಅವನ್ನು ಮುಷ್ಟಿಯಿಂದ ಗುದ್ದಿ, ಭದ್ರವಾಗಿವೆಯೆಂದು ಮೆಚ್ಚಿಕೊಂಡಿದ್ದರು. ಅವಳು ಅವೆರಡನ್ನೂ ಕಿತ್ತಳು. ದಿನವೂ ಆರತಿತಟ್ಟೆಯ ಸಂದಿಯಿಂದ ಒಣಗಿದ ವಿಭೂತಿ ಕೆರೆಯುವವಳ ಕಣ್ಣುಗಳವು. ತುರುಬಿನಿಂದ ಪಿನ್ನು ತೆಗೆದು ಬಿಳಿಯ ತೂತಿಗೆ ಚುಚ್ಚಿದಳು.

ಇಪ್ಪತ್ತೈದು ಮಹಾನವಮಿಗಳ ವಿಭೂತಿ ಪುಡಿಪುಡಿಯಾಗಿ ಅವಳ ಅಂಗೈಗೆ ಇಳಿಯಿತು. ಕೆಂಪಿನದರಿಂದ ಅಷ್ಟೇ ವರ್ಷಗಳ ಕುಂಕುಮ ಬಿತ್ತು. ಮಾಸ್ತರು ಪೂಜೆಯಲ್ಲಿ ಬಣ್ಣಕ್ಕೆ ಬಣ್ಣ ನೋಡಿ ಬಿಳಿಯ ತೂತಿಗೆ ಬಿಳಿ, ಕೆಂಪು ತೂತಿಗೆ ಕೆಂಪು ತುಂಬಿದ್ದರಿಂದ ಯಾವ ವೀರನ ಕಣ್ಣಿಗೂ ಬಿದ್ದಿರಲಿಲ್ಲ. ಹಳದಿಯ ತೂತಿಗೂ ಅರಿಸಿನ ತಪ್ಪುತ್ತಿರಲಿಲ್ಲ; ಅದರಲ್ಲಿ ಹಳೆಯ ತಂತಿಯೊಂದು ಸಿಕ್ಕಿಕೊಂಡೇ ಇದ್ದುದರಿಂದ ಚಿತ್ರವೊಂದು ಬದುಕಿಕೊಂಡಿತ್ತು. ತ್ರಿಲೋಕವನ್ನು ನಡುಗಿಸಿದ ಅಸುರನು ಹೇರ್‌ಪಿನ್ನಿಗೆ ಸಿಕ್ಕಿ ಸತ್ತದ್ದನ್ನು ನಾನು ಇದೇ ಮೊದಲು ಹಾಡುತ್ತಿರುವುದು.

"ದೇವರಿಗೆ ಹೆಚ್ಚಾತು," ಎಂದಳು ನೀಲಗಂಗವ್ವ.

ತಂತಿಗಳು ಈಗ ಬುಡದವರೆಗೆ ಕೂತವು, ಕಂಪ್ಯೂಟರು ಎಂಟನೆಯ ಡಿಸ್ಕು ಬರೆಯಿತು. ಅದನ್ನು ಪರೀಕ್ಷಿಸಲು ಹಾಕಿ, ವಾದ್ಯದ ಮೊದಲ ಸದ್ದು ಹೊರಟೊಡನೆ ಮಾಸ್ತರು ನಿಲ್ಲಿಸಿಬಿಟ್ಟರು. ಉಳಿದದ್ದು ನಾಳೆ ಸಭೆಯಲ್ಲೇ ಆಗಲಿ ಎಂದರು. ಅಷ್ಟು ಧೈರ್ಯ.

ರವಿವಾರ ಮಧ್ಯಾಹ್ನ ಪಡಸಾಲೆ ತುಂಬಿತು. ಒಳಗೆ ಎಲೆ ಹಾಕಿಯಾಗಿತ್ತು, ಹೋಳಿಗೆಯ ವಾಸನೆ ಟಿವಿಯವರೆಗೆ ಬಂದಿತ್ತು. ಮಾಸ್ತರು ಹೊಸ ಅಂಗಿ ತೊಟ್ಟು ರಿಮೋಟನ್ನು ಗದೆಯಂತೆ ಹೆಗಲಿಗಾನಿಸಿಕೊಂಡು ನಿಂತರು. ತೆರೆಯ ಮೇಲೆ ಹೊಸ್ತಿಲು ಬಂತು, ಬಾಗಿಲು ತಡೆದ ಹೆಂಗಸರು ಬಂದರು, ಬಾಸಿಂಗ ಕಟ್ಟಿದ ಹುಡುಗಿಯೊಬ್ಬಳು ತಲೆಯೆತ್ತಿದಳು. ಇಪ್ಪತ್ತೈದು ವರ್ಷಗಳ ಧೂಳಿನಿಂದ ಅವಳ ದನಿ ನೆಟ್ಟಗೆ ಎದ್ದುಬಂತು:

"ಗುಡ್ಡದ ಗಾಳಿಗೆ ಹಾಕಾಕ ಬರೂದಿಲ್ಲ ಗ್ವಾಡಿ,
ಎಣ್ಣಿಗೆ ಬತ್ತಿ, ದೀಪಕ್ಕ ಬೆಳಕು ಜೋಡಿ,
ಊರ ತುಂಬ ದನಿ ಇದ್ದ ಮಹಾರುದ್ರಪ್ಪನವರ ಕೂಡಿ
ಒಳಗ ಬರತೀನಿ, ಬಾಗಿಲಾ ಬಿಡ್ರಿ ನೋಡಿ."

ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಕೆಲವರು ತಿರುಗಿ ಅಡುಗೆಮನೆಯ ಬಾಗಿಲಲ್ಲಿದ್ದ ನೀಲಗಂಗವ್ವನನ್ನು ನೋಡಿದರು. ಅವಳ ಕೈಯಲ್ಲಿ ಅಂದು ಚಹದ ತಟ್ಟೆ ಇರಲಿಲ್ಲ. ತೆರೆಯ ಮೇಲೆ ಹೆಂಗಸರು ಮದುಮಗನ ಕಡೆ ತಿರುಗಿದರು. ಮದುಮಗನ ಬಾಯಿ ತೆರೆಯಿತು. ಸದ್ದಿಲ್ಲ. ಬಾಯಿ ಮುಚ್ಚಿತು, ಮತ್ತೆ ತೆರೆಯಿತು. ಸದ್ದಿಲ್ಲ.

ಮಾಸ್ತರು ಹುಲಿಯಂತೆ ಹಾರಿದರು. ಟಿವಿಯ ಹಿಂದೆ ತಲೆ ತೂರಿಸಿ ತಂತಿಗಳನ್ನು ಅಲ್ಲಾಡಿಸಿದರು, ಒತ್ತಿದರು, ರಿಮೋಟಿನಿಂದ ದನಿಯನ್ನು ಏರಿಸಿದರು, ಇನ್ನೂ ಏರಿಸಿದರು. ಆಗ ಟಿವಿಯಿಂದ ಎಲ್ಲಿಯೋ ಒಂದು ತಂಬಿಗೆ ಉರುಳಿದ ಸದ್ದು ಗುಡುಗಿನಂತೆ ಕೇಳಿಸಿತು. ಒಂದು ಕೂಸು ಅತ್ತಿತು. ಯಾರದೋ ಬಳೆ ಸಪ್ಪಳ.

ನೀಲಗಂಗವ್ವ ಮೆತ್ತಗೆ ಹೇಳಿದಳು.

"ಸದ್ದು ಹೋಗಿಲ್ರಿ. ಅಲ್ಲಿ ನೀವ ಸುಮ್ಮನ ನಿಂತೀರಿ."

ನೂರಕ್ಕೇರಿದ ದನಿಯಲ್ಲಿ, ಮಾಳಿಗೆಯ ಸಂಡಿಗೆಗೂ ಕೇಳುವಂತೆ, ತೆರೆಯ ಮೇಲಿನ ಇಪ್ಪತ್ತೇಳರ ಹರೆಯದ ಮಹಾರುದ್ರಪ್ಪ ಕೊನೆಗೂ ಮಾತಾಡಿದ. "ಸ್ವಲ್ಪ ನೀರ ಕೊಡ್ರಿ."

ಟಿವಿಯ ಹಿಂದಿನಿಂದ ತಲೆ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಗೌರಕ್ಕ ಎದ್ದು ಹೋಗಿ ಊಟದ ಕೋಣೆಯ ಬಾಗಿಲಿಗೆ ಎರಡೂ ಕೈ ಚಾಚಿ ನಿಂತಿದ್ದಳು. ಅಂದು ಕರುಣೆಯಿಂದ ಬಿಟ್ಟಿದ್ದೆವು, ಇಂದು ಒಡಪಿನಲ್ಲಿ ಹೆಸರು ಹೇಳಿದ ಮೇಲೆಯೇ ಊಟ ಎಂದಳು. ಮೂವತ್ತು ಹಸಿದ ಹೊಟ್ಟೆಗಳು ಮಾಸ್ತರರನ್ನು ನೋಡಿದವು. ಇಪ್ಪತ್ತೈದು ವರ್ಷಗಳಿಂದ ಹೆಂಡತಿಯನ್ನು 'ಏ' ಎಂದೂ 'ಇಕಿ' ಎಂದೂ ಕರೆದೇ ಸಂಸಾರ ನಡೆಸಿದ ಮಹಾವೀರನು, ಸೀಟಿಕಂಠಾಭರಣನು, ಟಾಂಗಾಶ್ವಸ್ತಂಭಕನು, ಗಂಟಲು ಸರಿಮಾಡಿಕೊಂಡನು. ಹಣೆ ಒರೆಸಿಕೊಂಡನು. ದಿಕ್ಕುಗಳು ಉಸಿರು ಬಿಗಿಹಿಡಿದವು.

"ನೀಲಗಂಗಾ," ಎಂದರು ಮಾಸ್ತರು, ಹಿಂದಿನ ಸಾಲಿಗೆ ಕೇಳದಷ್ಟು ಸಣ್ಣಗೆ. "ನೀರು ಕೊಡ."

ಇದರಲ್ಲಿ ಪ್ರಾಸವಿಲ್ಲವೆಂದು ಗೌರಕ್ಕ ತಕರಾರು ತೆಗೆದಳು. ನೀಲಗಂಗವ್ವ ಅಕ್ಕನ ತೋಳಿನ ಕೆಳಗಿನಿಂದ ನುಸುಳಿ ಒಳಗೆ ಹೋಗಿ, ತಂಬಿಗೆ ತುಂಬಿಕೊಂಡು ಬಂದಳು.